ಕುಡುಗೋಲಿಗೆ ಲೈಸೆನ್ಸ್ ಮಾಡಿಸುವುದು ಹೇಗೆ? ತೊಗರಿ ಬೆಳೆಗಾರರಿಗೆ ಸಮಗ್ರ ಮಾರ್ಗದರ್ಶಿ

ಕಲಬುರಗಿಯಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಪಹಣಿ ತೆಗೆದುಕೊಡುವುದು, ಜಾತಿ-ಆದಾಯದ ಅರ್ಜಿ ತುಂಬುವುದು, ನಮ್ಮ ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ 371ಜೆ ಪ್ರಮಾಣಪತ್ರಕ್ಕೆ ಕಾಗದ ಜೋಡಿಸಿಕೊಡುವುದು, ಇದೇ ನನ್ನ ಹೊಟ್ಟೆಪಾಡು. ಯಾವ ಅರ್ಜಿಗೆ ಎಷ್ಟು ಫೋಟೊ, ಯಾವ ಕಾಗದಕ್ಕೆ ಯಾರ ಸಹಿ ಅಂತ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಹಾಗಾಗಿ ಹೋದ ವರ್ಷ ನಮ್ಮ ಕಾಕಾನ ಬಂದೂಕಿನ ಲೈಸೆನ್ಸ್ ನವೀಕರಣ ತಾನಾಗಿಯೇ ನನ್ನ ತಲೆಗೆ ಬಂತು.

ಕಾಕಾನ ಹೊಲ ಚಿಂಚೋಳಿ ಕಡೆ, ಕಾಡಿನ ಅಂಚಿಗೆ. ರಾತ್ರಿ ಕಾಡುಹಂದಿ ನುಗ್ಗುತ್ತವೆ. ಅದಕ್ಕಂತ ಅಜ್ಜನ ಕಾಲದ ಒಂದು ಒಂಟಿ ನಳಿಕೆ ಬಂದೂಕು ಮನೆಯಲ್ಲಿದೆ. ಗಾಳಿಯಲ್ಲಿ ಒಂದು ಸಲ ಢಂ ಅನ್ನಿಸಿ ಹಂದಿ ಓಡಿಸುವುದು ಬಿಟ್ಟರೆ ಅದಕ್ಕೆ ಬೇರೆ ಕೆಲಸ ಇಲ್ಲ. ಅದರ ಕಾಗದಕ್ಕೆ ಹನ್ನೊಂದು ಸಲ ಓಡಾಡಿದೆವು. ಹನ್ನೊಂದನೇ ಸಲ ಸಾಹೇಬರು ಊಟಕ್ಕೆ ಹೋಗಿದ್ದರು. ಹೊರಗಿನ ಬೇವಿನ ಗಿಡದ ಕೆಳಗೆ ಕೂತು ಕಾಕಾ ಒಂದು ಮಾತು ಅಂದರು.

"ಬಂದೂಕಿಗಿ ಇಷ್ಟೆಲ್ಲಾ ಕೇಳ್ಲತ್ತಾರ. ನಾಳಿ ಮನ್ಯಾಗಿನ ಕುಡಗೋಲಿಗೂ ಕೇಳಿದ್ರ ಏನ್ ಗತಿನೋ ತಮ್ಮಾ?"

ಇಬ್ಬರೂ ನಕ್ಕೆವು. ಆದರೆ ನಾನು ಅರ್ಜಿ ತುಂಬುವ ಮನುಷ್ಯ. ರಾತ್ರಿ ಮಲಗಿದಾಗಲೂ ಅದೇ ತಲೆಯಲ್ಲಿ ತಿರುಗುತ್ತಿತ್ತು. ನಿಜವಾಗಿ ಕೇಳಿದರೆ ಯಾವ ನಮೂನೆ? ಎಷ್ಟು ಫೋಟೊ? ಬೆಳಿಗ್ಗೆ ಅಂಗಡಿ ತೆಗೆದವನೇ ಇದನ್ನು ಟೈಪ್ ಮಾಡಲು ಕೂತೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕೆಳಗೆ ಬಂದೂಕಿನ ಬಗ್ಗೆ ಬರೆದಿರುವುದು 1959ರ ಆಯುಧ ಕಾಯ್ದೆ ಮತ್ತು 2016ರ ಆಯುಧ ನಿಯಮಗಳಲ್ಲಿ ಇರುವುದೇ. ನಾನು ಮಾಡಿದ್ದು ಒಂದೇ ಕೆಲಸ: ಬಂದೂಕು ಅಂತ ಇರುವ ಕಡೆ ಕುಡುಗೋಲು ಅಂತ ಹಾಕಿ ನೋಡಿದೆ. ಎರಡನ್ನೂ ಕಲಸಿಕೊಂಡು ನಾಳೆ ಠಾಣೆಗೆ ಕುಡುಗೋಲು ಹಿಡಿದುಕೊಂಡು ಹೋಗಬೇಡಿ. ಹೋದರೂ ನನ್ನ ಅಂಗಡಿ ಹೆಸರು ಹೇಳಬೇಡಿ.

ಅರ್ಜಿಗೂ ಮೊದಲು: ನಿಮ್ಮ ಕುಡುಗೋಲು ಅಳೆದು ನೋಡಿ

ಕಾನೂನು ಕುಡುಗೋಲನ್ನು ಸದ್ಯಕ್ಕೆ ಬಿಟ್ಟಿದೆ. ಕಾಯ್ದೆಯ 2ನೇ ಕಲಮಿನಲ್ಲಿ ಆಯುಧ ಅಂದರೆ ಏನು ಅಂತ ಹೇಳಿ, ಮನೆಗೆಲಸಕ್ಕೆ ಇಲ್ಲವೇ ಒಕ್ಕಲುತನಕ್ಕೆ ಅಂತಲೇ ಮಾಡಿದ ಸಾಮಾನು ಅದರಲ್ಲಿ ಬರುವುದಿಲ್ಲ ಅಂತ ಬರೆದಿದ್ದಾರೆ. ಅದಕ್ಕೆ ಕೊಟ್ಟ ಉದಾಹರಣೆ ಯಾವುದು ಗೊತ್ತಾ? ಲಾಠಿ ಮತ್ತು ಊರುಗೋಲು. ಲಾಠಿಯನ್ನು ಮನೆಗೆಲಸದ ಸಾಮಾನಿಗೆ ಸೇರಿಸಿದವರು ಲಾಠಿ ಏಟು ತಿಂದವರಂತೂ ಅಲ್ಲ.

ಇನ್ನು ಕತ್ತಿ, ಭರ್ಚಿ, ಚಾಕು ಇವುಗಳ ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದರೆ ಅವು ಆಯುಧದ ಪಟ್ಟಿಗೆ ಬರುತ್ತವೆ. ಅಲ್ಲೂ ಮನೆ, ಹೊಲ, ಕಾರ್ಖಾನೆ ಕೆಲಸಕ್ಕೆ ಮಾಡಿದ್ದಕ್ಕೆ ವಿನಾಯ್ತಿ ಇದೆ. ಆ ವಿನಾಯ್ತಿಯ ಒಂದು ಸಾಲು ಅಳಿಸಿ ಹೋಯಿತು ಅಂತ ಇಟ್ಟುಕೊಳ್ಳಿ. ಇಲ್ಲಿಂದ ನಮ್ಮ ಮಾರ್ಗದರ್ಶಿ ಶುರು.

ಟೇಪು ತಗೊಳ್ಳಿ. ಕುಡುಗೋಲು ಬಾಗಿರುತ್ತದೆ. ಹಿಡಿಯ ಬುಡದಿಂದ ತುದಿಗೆ ನೇರ ಹಿಡಿದರೆ ಕಾಕಾನ ಕುಡುಗೋಲು ಎಂಟೂವರೆ ಇಂಚು. ಅಂದರೆ ಸಾಮಾನು. ಅದೇ ಟೇಪನ್ನು ಬೆನ್ನಿನ ಮೇಲೆ ಬಾಗಿಸಿಕೊಂಡು ಹೋದರೆ ಹದಿಮೂರು ಇಂಚು. ಅಂದರೆ ಆಯುಧ. ಒಳಗಿನ ಬಾಯಿಯ ಕಡೆ ಅಳೆದರೆ ಹನ್ನೊಂದು. ನಿಯಮದಲ್ಲಿ ಬಾಗಿದ್ದನ್ನು ಹೇಗೆ ಅಳೆಯಬೇಕು ಅಂತ ಇಲ್ಲ, ಯಾಕಂದರೆ ಬರೆದವರು ಚಾಕು ನೋಡಿದ್ದರು, ರಾಶಿ ನೋಡಿರಲಿಲ್ಲ. ಹೀಗಾಗಿ ನಿಮ್ಮ ಭವಿಷ್ಯ ಟೇಪು ಹಿಡಿದ ಗುಮಾಸ್ತರ ಕೈಯಲ್ಲಿದೆ. ಅವರು ಟೇಪು ಬಾಗಿಸಲು ಶುರು ಮಾಡಿದರೆ ಸುಮ್ಮನೆ ಚಹಾ ಹೇಳಿ ಬನ್ನಿ.

ಒಂದು ಸಣ್ಣ ಸಮಾಧಾನ. 45ನೇ ಕಲಮಿನ ಪ್ರಕಾರ ಹಳೆಯ ಕಾಲದ, ರಿಪೇರಿ ಮಾಡಿದರೂ ಕೆಲಸಕ್ಕೆ ಬಾರದ ಬಂದೂಕಿಗೆ ಲೈಸೆನ್ಸ್ ಬೇಡ. ನಮ್ಮ ಕಲಬುರಗಿ ಕೋಟೆಯ ಮೇಲಿನ 29 ಅಡಿ ತೋಪು ಯಾರ ಅನುಮತಿಯೂ ಇಲ್ಲದೆ ಆರಾಮಾಗಿ ಬಿಸಿಲು ಕಾಯುತ್ತಿರುವುದು ಇದೇ ಧೈರ್ಯದ ಮೇಲೆ. ಇದನ್ನೇ ಕುಡುಗೋಲಿಗೆ ಹಚ್ಚಿದರೆ, ಪೂರ್ತಿ ತುಕ್ಕು ತಿಂದು ಹುಲ್ಲೂ ಕೊಯ್ಯದ ಕುಡುಗೋಲನ್ನು ಎಷ್ಟು ಬೇಕಾದರೂ ಇಟ್ಟುಕೊಳ್ಳಬಹುದು.

ಹಂತ 1: ಯಾರ ಹತ್ತಿರ ಹೋಗಬೇಕು

ಬಂದೂಕಿಗೆ ಲೈಸೆನ್ಸ್ ಕೊಡುವವರು ಜಿಲ್ಲಾ ಮ್ಯಾಜಿಸ್ಟ್ರೇಟ್, ಅಂದರೆ ಡಿಸಿ ಸಾಹೇಬರು. ಪೊಲೀಸ್ ಕಮಿಷನರ್ ಇರುವ ಕಡೆ ಆ ಅಧಿಕಾರ ಕಮಿಷನರದು. ಕಲಬುರಗಿ ನಗರಕ್ಕೆ 2019ರಲ್ಲಿ ಕಮಿಷನರೇಟ್ ಬಂತು. ಹಾಗಾಗಿ ನೀವು ಮಕ್ಕಳ ಶಾಲೆಗಂತ ಊರು ಬಿಟ್ಟು ಸಿಟಿಯಲ್ಲಿ ಮನೆ ಮಾಡಿದ್ದು, ಹೊಲ ಮತ್ತು ಕುಡುಗೋಲು ಹಳ್ಳಿಯಲ್ಲೇ ಇದ್ದರೆ, ಅರ್ಜಿದಾರ ಒಂದು ಕಚೇರಿಗೆ, ಕುಡುಗೋಲು ಇನ್ನೊಂದು ಕಚೇರಿಗೆ ಸೇರುತ್ತದೆ. ಎರಡೂ ಕಡೆ "ಅಲ್ಲಿ ಕೇಳ್ರಿ" ಅನ್ನುತ್ತಾರೆ. ಎರಡೂ ಕಡೆ ಒಂದೊಂದು ಸ್ವೀಕೃತಿ ತಗೊಂಡು ಇಟ್ಟುಕೊಳ್ಳಿ. ಮುಂದೆ ಯಾವುದಕ್ಕೆ ಬೇಕಾಗುತ್ತೆ ಅಂತ ಹೇಳಲು ಬರುವುದಿಲ್ಲ.

ಹಂತ 2: ನಮೂನೆ ಎ-1, ಮತ್ತು "ಯಾಕೆ ಬೇಕು?"

ಬಂದೂಕಿನ ಅರ್ಜಿಗೆ ನಮೂನೆ ಎ-1. ಹೆಸರು, ತಂದೆ ಹೆಸರು, ವಯಸ್ಸು (21 ತುಂಬಿರಬೇಕು), ವಿಳಾಸ, ಮೇಲೆ ಕೇಸು ಇದೆಯೋ ಇಲ್ಲವೋ, ಹಿಂದೆ ಎಂದಾದರೂ ಅರ್ಜಿ ತಿರಸ್ಕಾರ ಆಗಿತ್ತೋ, ಎಲ್ಲಾ ಬರೆಯಬೇಕು. ನಾಲ್ಕು ಫೋಟೊ, ಬಿಳಿ ಹಿನ್ನೆಲೆ. ನೀಲಿ ಹಿನ್ನೆಲೆಯದು ತಂದು ನನ್ನ ಅಂಗಡಿಯಲ್ಲಿ ಬಿಳಿ ಮಾಡಿಕೊಡಿ ಅನ್ನುವವರು ದಿನಾ ಇಬ್ಬರಾದರೂ ಇರುತ್ತಾರೆ. ಮಾಡಿಕೊಡುತ್ತೇನೆ, ಆದರೆ ಕಿವಿ ಅರ್ಧ ಹೋಗುತ್ತದೆ.

ಇಷ್ಟೂ ಸಲೀಸು. ಜನ ಬೀಳುವುದು ಒಂದೇ ಕಾಲಂನಲ್ಲಿ: ಯಾಕೆ ಬೇಕು. ಬಂದೂಕಿಗಾದರೆ ಆತ್ಮರಕ್ಷಣೆ, ಬೆಳೆ ರಕ್ಷಣೆ, ಶೂಟಿಂಗ್ ಆಟ ಅಂತ ಹೇಳಬಹುದು. ಕುಡುಗೋಲಿಗೆ ಏನು ಹೇಳುತ್ತೀರಿ? "ತೊಗರಿ ಕೊಯ್ಯಲು" ಅಂತ ಬರೆದರೆ ಸಾಕು ಅಂದುಕೊಂಡಿದ್ದರೆ ಈ ಸಂಭಾಷಣೆ ಓದಿ. ಅರ್ಜಿದಾರ ನಮ್ಮ ಕಾಕಾ. ಗುಮಾಸ್ತರು ನಾನೇ, ನನ್ನ ಅಂಗಡಿಯ ಕುರ್ಚಿಯಲ್ಲಿ ಕೂತು. ಹನ್ನೊಂದು ಸಲ ಕೇಳಿಸಿಕೊಂಡ ಧ್ವನಿ ನನಗೆ ಬಾಯಿಪಾಠ ಆಗಿತ್ತು.

"ಯಾಕ್ ಬೇಕ್ರಿ ಕುಡಗೋಲು?"

"ತೊಗರಿ ಕೊಯ್ಲಾಕ್ರಿ ಸಾಹೇಬ್ರ."

"ಕುಡಗೋಲು ಇಲ್ದಿದ್ರ ತೊಗರಿ ಬರಲ್ಲೇನು?"

"ಕೈಲೆ ಕಿತ್ತಿದ್ರ ಬರ್ತದ್ರಿ. ಬೇರು, ಮಣ್ಣು ಎಲ್ಲಾ ಬರ್ತದ. ಕೈ ಹರಿತದ."

"ಹಂಗಾದ್ರ ಕೈಲೆ ಕೀಳಲಿಕ್ಕಿ ಬರ್ತದ ಅಂತ ನೀವೇ ಒಪ್ಕೊಂಡ್ರಿ."

ನಾನು ಕಡತದ ಮೇಲೆ ಬರೆದೆ: ಪರ್ಯಾಯ ಲಭ್ಯವಿದೆ, ಕುಡುಗೋಲು ಅನಿವಾರ್ಯವೆಂದು ಕಂಡುಬರುವುದಿಲ್ಲ. ಕಾಕಾ ಎದ್ದು ನಿಂತರು. ಆಟ ಅಂತ ಮರೆತು ನಿಜವಾಗಲೂ ಸಿಟ್ಟಾಗಿದ್ದರು.

ಹಾಗಾದರೆ ಏನು ಬರೆಯಬೇಕು? ನನ್ನ ಸಲಹೆ ಇದು. ಮೊದಲಿಗೆ ಪಹಣಿ ಲಗತ್ತಿಸಿ, ತೊಗರಿ ಅಂತ ಬೆಳೆ ಕಾಲಂನಲ್ಲಿ ಬಂದಿದೆಯಾ ನೋಡಿ. ಎಷ್ಟೋ ಪಹಣಿಯಲ್ಲಿ ತೊಗರಿ ಇರುವ ಹೊಲಕ್ಕೆ ಬೇರೆ ಬೆಳೆ ಕೂತಿರುತ್ತದೆ. ಹಾಗಿದ್ದರೆ ನೀವು ಕೊಯ್ಯುವುದು ಸರ್ಕಾರದ ಪ್ರಕಾರ ಇಲ್ಲದ ಬೆಳೆಯನ್ನು. ಎರಡನೆಯದು, ಹಿಂದಿನ ವರ್ಷ ತೊಗರಿ ಮಾರಿದ ಗಂಜಿನ, ಅಂದರೆ ಎಪಿಎಂಸಿ ಮಾರುಕಟ್ಟೆಯ, ಚೀಟಿ ಇಡಿ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ ಅನ್ನುವ ಪೇಪರ್ ಕಟಿಂಗ್ ಕೂಡ ಇಡಬಹುದು. ಉಪಯೋಗ ಇಲ್ಲ, ಕಡತ ದಪ್ಪ ಕಾಣುತ್ತೆ ಅಷ್ಟೇ. ದಪ್ಪ ಕಡತಕ್ಕೆ ಒಂದು ಮರ್ಯಾದೆ ಇದೆ.

ಆತ್ಮರಕ್ಷಣೆಗೆ ಬಂದೂಕು ಬೇಕು ಅಂದವರಿಗೆ ಬೆದರಿಕೆ ಇದೆ ಅನ್ನಲು ದೂರು ಕೊಟ್ಟ ಪ್ರತಿ ಇದೆಯಾ ಅಂತ ಕೇಳುವುದುಂಟು. ತೊಗರಿಯ ಮೇಲೆ ದೂರು ಕೊಡಲು ಹೋಗಬೇಡಿ. ಅದು ನಿಂತ ಜಾಗ ಬಿಟ್ಟು ಕದಲಿಲ್ಲ ಅಂತ ಬರೆದು ಕೇಸು ಮುಚ್ಚಿಬಿಡುತ್ತಾರೆ.

ಹಂತ 3: ಡಾಕ್ಟರ್ ಕಾಗದ, ತರಬೇತಿ

ಬಂದೂಕಿಗೆ ಎಸ್-3 ನಮೂನೆಯಲ್ಲಿ ವೈದ್ಯರ ಪ್ರಮಾಣಪತ್ರ ಬೇಕು. ಮೈ ಗಟ್ಟಿ ಇದೆ, ಮನಸ್ಸೂ ನೆಟ್ಟಗಿದೆ ಅಂತ. ಇದನ್ನು ನಾನು ಗೇಲಿ ಮಾಡುವುದಿಲ್ಲ. ಬಂದೂಕು ಹಿಡಿಯುವವರ ತಲೆ ಸರಿ ಇರಬೇಕು, ಅದು ಸರಿಯಾದ ಪ್ರಶ್ನೆ. ಕಾಕಾನಿಗೂ ಅದರ ಬಗ್ಗೆ ತಕರಾರಿಲ್ಲ. ತೊಂದರೆ ಏನಂದರೆ, ಆ ಪ್ರಶ್ನೆಗೆ ಕಡತದಲ್ಲಿ ಒಂದೇ ಹಾಳೆ. ವಿಳಾಸ ಅದೇನಾ ಅನ್ನುವುದಕ್ಕೆ ಐದು ಹಾಳೆ.

ಕುಡುಗೋಲಿಗೆ ಹಚ್ಚಿದರೆ ಇಲ್ಲಿ ಒಂದು ಸಿಕ್ಕು ಬರುತ್ತದೆ. ಎರಡು ವರ್ಷ ಮಳೆ ಕೈಕೊಟ್ಟು, ಮೂರನೇ ವರ್ಷವೂ ಸಾಲ ಮಾಡಿ ತೊಗರಿ ಬಿತ್ತಿದವನ ಮನಸ್ಸು ನೆಟ್ಟಗಿದೆ ಅಂತ ಯಾವ ಡಾಕ್ಟರು ಬರೆದುಕೊಡುತ್ತಾರೆ?

ತರಬೇತಿಗೂ ಕಾಗದ ಬೇಕು. ನಮ್ಮ ರಾಜ್ಯದಲ್ಲಿ ಜಿಲ್ಲಾ ಪೊಲೀಸರು ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸುತ್ತಾರೆ. ಕುಡುಗೋಲಿನ ಶಿಬಿರದಲ್ಲಿ ತರಬೇತುದಾರರ ಎದುರು ನಮ್ಮ ಆಯಿ ಕೂತಿರುವುದನ್ನು ನೆನೆಸಿಕೊಳ್ಳಿ. ಎಂಬತ್ತರ ಹತ್ತಿರದ ವಯಸ್ಸು. ಎಂಟು ವರ್ಷದವಳಿದ್ದಾಗ ಕುಡುಗೋಲು ಹಿಡಿದಾಕೆ. ಎಡಗೈ ತೋರುಬೆರಳಿನ ಮೇಲೆ ಅಡ್ಡಕ್ಕೆ ಒಂದು ಬಿಳಿ ಗೆರೆ ಇದೆ, ಮೊದಲ ವರ್ಷದ್ದು. ಆಮೇಲೆ ಒಂದೂ ಇಲ್ಲ. ಆಕೆಯ ಪ್ರಮಾಣಪತ್ರ ಅದೇ, ಆದರೆ ಅದಕ್ಕೆ ಝೆರಾಕ್ಸ್ ತೆಗೆಯಲು ಬರುವುದಿಲ್ಲ.

ಹಂತ 4: ಠಾಣೆಯ ವರದಿ, ಮತ್ತು ಕ್ಯಾಲೆಂಡರಿನ ಲೆಕ್ಕ

ನಿಯಮದ ಪ್ರಕಾರ ಪೊಲೀಸ್ ವರದಿ 30 ದಿನದೊಳಗೆ ಬರಬೇಕು. ವರದಿ ಬಂದ ಮೇಲೆ 60 ದಿನದೊಳಗೆ ಕೊಡುವುದೋ ಬಿಡುವುದೋ ತೀರ್ಮಾನ ಆಗಬೇಕು. ಅಂದರೆ ಎಲ್ಲಾ ಸರಿ ನಡೆದರೆ ಮೂರು ತಿಂಗಳು. ಎಲ್ಲಾ ಸರಿ ನಡೆಯುವುದು ಅಂದರೆ ಏನು ಅಂತ ನಿಮಗೆ ಗೊತ್ತೇ ಇದೆ.

ತೊಗರಿ ಬಿತ್ತುವುದು ಜೂನ್-ಜುಲೈ. ಕೊಯ್ಯುವುದು ಡಿಸೆಂಬರ್-ಜನವರಿ. ಹಾಗಾಗಿ ನನ್ನ ಸಲಹೆ: ಬೀಜ ಮಣ್ಣಿಗೆ ಹಾಕಿದ ದಿನವೇ ಕೊಯ್ಯುವ ಅರ್ಜಿ ಹಾಕಿ. ಮಳೆ ಬರುತ್ತೋ ಇಲ್ಲವೋ, ನೆಟೆ ರೋಗ ಬೀಳುತ್ತೋ ಏನೋ ಅಂತ ನೋಡುತ್ತಾ ಕೂರಬೇಡಿ. ಅರ್ಜಿಗೂ ಬೆಳೆಗೂ ಸಂಬಂಧ ಇಲ್ಲ.

ವರದಿಗೆ ಬಂದ ಪೊಲೀಸರು ಅಕ್ಕಪಕ್ಕದವರನ್ನು ಕೇಳುತ್ತಾರೆ. ಬದುವಿನ ಜಗಳ ಇಲ್ಲದ ಹೊಲ ನಮ್ಮ ಜಿಲ್ಲೆಯಲ್ಲಿ ಯಾರದಾದರೂ ಇದ್ದರೆ ನನಗೆ ತೋರಿಸಿ. ಪಕ್ಕದ ಹೊಲದವರು ಬದುವಿನ ಮೇಲೆ ನಿಂತು ಹೇಳುತ್ತಾರೆ: "ಅಂವಾ ಒಳ್ಳೆಂವ್ರಿ. ಆದ್ರ ಹೋದ ವರ್ಷ ಒಂದ್ ಮಾರು ಒತ್ತಿ ಕುಡಗೋಲು ಹಾಕ್ಯಾನ." ಅಷ್ಟು ಸಾಕು. ಕುಡುಗೋಲನ್ನು ದುರುಪಯೋಗ ಮಾಡಿದ ಇತಿಹಾಸ ಇದೆ ಅಂತ ಆಯ್ತು.

ತಿರಸ್ಕಾರ ಆದರೆ 30 ದಿನದಲ್ಲಿ ಮೇಲ್ಮನವಿ ಹಾಕಬಹುದು. ಹಾಕಿ. ಹೇಗಿದ್ದರೂ ನನ್ನ ಅಂಗಡಿ ನಡೆಯಬೇಕು.

ಹಂತ 5: ಮನೆಯ ಹತ್ಯಾರಗಳ ಲೆಕ್ಕ

2019ರ ತಿದ್ದುಪಡಿಗೆ ಮೊದಲು ಒಬ್ಬರು ಮೂರು ಬಂದೂಕು ಇಟ್ಟುಕೊಳ್ಳಬಹುದಿತ್ತು. ಈಗ ಎರಡೇ. ಬಂದೂಕಿಗೆ ಇದು ತಕ್ಕದ್ದೇ ಅನ್ನಿಸುತ್ತೆ ನನಗೆ, ಒಬ್ಬ ಮನುಷ್ಯನಿಗೆ ಮೂರು ಬಂದೂಕು ಯಾಕೆ? ಆದರೆ ಕಾಕಾನ ಮನೆಯ ಮೂಲೆ ನೋಡಿ. ಎರಡು ಕುಡುಗೋಲು, ಮೂರು ಕುರುಪಿ, ಒಂದು ಕೊಡಲಿ, ಒಂದು ಹಾರೆ, ಅಡುಗೆಮನೆಯಲ್ಲಿ ಈಳಿಗೆ, ಮೇಲೆ ಕಾಕುನ (ಕಾಕಾನ ಹೆಂಡತಿಯ) ಒಂದು ಚಾಕು. ಒಂಬತ್ತು. ಮನೆಯಲ್ಲಿ 21 ದಾಟಿದವರು ನಾಲ್ಕು ಜನ. ಎಂಟಕ್ಕೆ ಮಾತ್ರ ಅವಕಾಶ.

ಯಾವುದನ್ನು ಬಿಡುವುದು ಅನ್ನುವ ಚರ್ಚೆ ನಾನು ಸುಮ್ನೆ ತಮಾಷೆಗೆ ಶುರು ಮಾಡಿದ್ದು, ರಾತ್ರಿ ಊಟದ ತನಕ ನಡೆಯಿತು. ಕಾಕಾ ಚಾಕು ಬಿಡೋಣ ಅಂದರು. ಕಾಕು "ನಿಮ್ಮ ಕೊಡ್ಲಿ ಬಿಡ್ರಿ, ಮೂರ್ ವರ್ಷ ಆಯ್ತು ಹಿಡಿಲಾರ್ದೇ" ಅಂದರು. ಆಯಿ ಒಂದೇ ಮಾತು ಹೇಳಿದರು: "ಈಳಿಗಿ ನಂದು. ನನ್ನ ಹೆಸರ್ಲೇ ಬರಿ." ತವರಿನಿಂದ ತಂದ ಈಳಿಗೆ ಅದು. ಹಲಗೆ ಎರಡು ಸಲ ಬದಲಾಗಿದೆ, ಅಲಗು ಸವೆದು ಅರ್ಧ ಆಗಿದೆ.

ಈ ಸವೆಯುವ ವಿಷಯ ನೆನಪಿಟ್ಟುಕೊಳ್ಳಿ, ಮುಂದಿನ ಹಂತಕ್ಕೆ ಬೇಕು.

ಹಂತ 6: ನಂಬರ್ ಹೊಡೆಸುವುದು, ಕಂಬಾರನ ಗತಿ

ಬಂದೂಕಿನ ಲೈಸೆನ್ಸ್ ಇರುವ ಪ್ರತಿಯೊಬ್ಬರಿಗೂ ರಾಷ್ಟ್ರೀಯ ದತ್ತಾಂಶದಲ್ಲಿ ಒಂದು ಗುರುತಿನ ಸಂಖ್ಯೆ ಇರುತ್ತದೆ, ಯುಐಎನ್ ಅಂತ. ಬಂದೂಕಿನ ಮೈಮೇಲೂ ನಂಬರ್ ಇರಬೇಕು. ಆ ನಂಬರನ್ನು ಅಳಿಸಿದರೆ, ತಿದ್ದಿದರೆ 8ನೇ ಕಲಮಿನ ಪ್ರಕಾರ ಅಪರಾಧ. ಅನುಮತಿ ಇಲ್ಲದೆ ನಳಿಕೆಯನ್ನು ಗಿಡ್ಡ ಮಾಡಿದರೆ 6ನೇ ಕಲಮು. ಅನುಮತಿ ಇಲ್ಲದವರು ಆಯುಧ ತಯಾರಿಸಿದರೆ, ರಿಪೇರಿ ಮಾಡಿದರೆ 5ನೇ ಕಲಮು. ಬಂದೂಕಿಗೆ ಮೂರೂ ಬೇಕಾದ ಕಲಮುಗಳೇ.

ಈಗ ಕುಡುಗೋಲು ತಗೊಂಡು ಕಂಬಾರನ ಹತ್ತಿರ ಹೋಗಿ. ಸುಗ್ಗಿಗೆ ಮೊದಲು ಎಲ್ಲರೂ ಹೋಗುವುದೇ. ತಿದಿ ಊದಿ ಕೆಂಡ ಎಬ್ಬಿಸುತ್ತಾನೆ. ಕುಡುಗೋಲು ಕೆಂಪಗೆ ಕಾಯುತ್ತದೆ. ಅಡಿಗಲ್ಲಿನ ಮೇಲೆ ಇಟ್ಟು ನಾಲ್ಕು ಏಟು ಹಾಕಿದ ಕೂಡಲೇ ನಂಬರ್ ಹೋಯಿತು: 8ನೇ ಕಲಮು. ಉಳಿಯಿಂದ ಹೊಸದಾಗಿ ಕಕ್ಕು ಹಾಕಿ, ಬಾಯಿ ಉಜ್ಜಿ ಕೊಡುವಾಗ ಅಲಗು ಒಂದು ನೂಲು ಕಮ್ಮಿ ಆಯಿತು: 6ನೇ ಕಲಮು. ಇಷ್ಟನ್ನೂ ಅವನು ಮಾಡಿದ್ದು ಬೇವಿನ ಗಿಡದ ಕೆಳಗೆ, ಬೋರ್ಡೂ ಇಲ್ಲದೆ: 5ನೇ ಕಲಮು. ಮೂರು ಅಪರಾಧಕ್ಕೆ ಅವನು ತಗೊಳ್ಳುವುದು ಒಂದೆರಡು ಸೇರು ಜೋಳ, ಇಲ್ಲವೇ ಐವತ್ತು ರೂಪಾಯಿ. ಕಮ್ಮಿನೇ.

ಅದಕ್ಕೇ ನನ್ನ ಸಲಹೆ: ನಂಬರನ್ನು ಅಲಗಿನ ಮೇಲೆ ಹೊಡೆಸಬೇಡಿ, ಕಟ್ಟಿಗೆಯ ಹಿಡಿಯ ಮೇಲೆ ಹೊಡೆಸಿ. ಆಮೇಲೆ ಹಿಡಿ ಮುರಿದರೆ, ಅದು ಮುರಿಯುವುದು ಸುಗ್ಗಿಯ ಮಧ್ಯದಲ್ಲೇ, ಕಾನೂನಿನ ಪ್ರಕಾರ ನಿಮ್ಮ ಹತ್ತಿರ ಇರುವುದು ಲೈಸೆನ್ಸ್ ಇರುವ ಒಂದು ಕಟ್ಟಿಗೆ ತುಂಡು ಮತ್ತು ಲೈಸೆನ್ಸ್ ಇಲ್ಲದ ಒಂದು ಕುಡುಗೋಲು.

ಹಂತ 7: ಆಳುಗಳನ್ನು ಕಡತಕ್ಕೆ ಸೇರಿಸುವುದು

ಇದನ್ನು ಬರೆಯುವಾಗ ನನಗೆ ತಮಾಷೆ ಸ್ವಲ್ಪ ಕಮ್ಮಿ ಆಯಿತು.

ಬಂದೂಕಿನ ಕಾನೂನಿನಲ್ಲಿ ಒಂದು ಒಳ್ಳೆಯ ಸಾಲಿದೆ. ಸಾಕಷ್ಟು ಆಸ್ತಿ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಯಾರಿಗೂ ಲೈಸೆನ್ಸ್ ಇಲ್ಲ ಅನ್ನಬಾರದು, 14ನೇ ಕಲಮು. ಆದರೆ ಬೆಳೆ ರಕ್ಷಣೆಗೆ ಅಂತ ಕೇಳಿದರೆ ಬೆಳೆ ಇರಬೇಕಲ್ಲ, ಬೆಳೆ ಇರಲು ಹೊಲ ಇರಬೇಕಲ್ಲ. ಕುಡುಗೋಲಿಗೂ ಅದೇ ಲೆಕ್ಕ ಬಂದರೆ ಲೈಸೆನ್ಸ್ ಕಾಕಾನ ಹೆಸರಿಗೆ ಬರುತ್ತದೆ. ಕಾಕಾನಿಗೆ ಮೊಣಕಾಲು ನೋವು. ಅವರು ಬದುವಿನ ಮೇಲೆ ಕೂತು ಬೀಡಿ ಸೇದುತ್ತಾರೆ. ಕೊಯ್ಯುವವರು ಕೂಲಿಗೆ ಬರುವ ಹನ್ನೆರಡು ಹೆಣ್ಣುಮಕ್ಕಳು. ಅವರ ಹೆಸರಿಗೆ ಒಂದು ಗುಂಟೆಯೂ ಇಲ್ಲ, ಕೈಯಲ್ಲಿ ಕುಡುಗೋಲು ಮಾತ್ರ ಇದೆ.

ಇದಕ್ಕೆ ನಿಯಮದಲ್ಲೇ ಒಂದು ದಾರಿ ಇದೆ. ಬಂದೂಕಿನ ಲೈಸೆನ್ಸ್‌ನಲ್ಲಿ ಮಾಲೀಕರ ಪರವಾಗಿ ಹಿಡಿದು ಓಡಾಡುವವರ ಹೆಸರು ಸೇರಿಸಬಹುದು. ರಿಟೇನರ್ ಅಂತಾರೆ. ಹಾಗಾಗಿ ಹನ್ನೆರಡೂ ಜನರ ಹೆಸರು ಸೇರಿಸೋಣ. ಆಧಾರ್ ತರಿಸಿ. ಇಬ್ಬರ ಆಧಾರ್‌ನಲ್ಲಿ ಹುಟ್ಟಿದ ದಿನ ಜನವರಿ 1. ಒಬ್ಬಾಕೆಯ ಹೆಸರು ಆಧಾರ್‌ನಲ್ಲಿ ಒಂದು, ರೇಷನ್ ಕಾರ್ಡಿನಲ್ಲಿ ಇನ್ನೊಂದು. ಬೆರಳು ಇಟ್ಟರೆ ಮಷಿನ್ ತಗೊಳ್ಳುವುದಿಲ್ಲ. ಮೂವತ್ತು ವರ್ಷ ತೊಗರಿ ಕಟ್ಟಿಗೆ ಹಿಡಿದ ಕೈಗೆ ಗೆರೆ ಎಲ್ಲಿಂದ ಬರಬೇಕು? ನನ್ನ ಅಂಗಡಿಯಲ್ಲಿ ದಿನಾ ನಡೆಯುವುದೇ ಇದು. ಒದ್ದೆ ಬಟ್ಟೆಯಲ್ಲಿ ಒರೆಸಿ, ಕೊಬ್ಬರಿ ಎಣ್ಣೆ ಹಚ್ಚಿ, ನಾಲ್ಕನೇ ಸಲಕ್ಕೆ ಬಂದರೆ ಬಂತು.

ಹನ್ನೆರಡು ಜನ, ತಲಾ ನಾಲ್ಕು ಫೋಟೊ, ನಲವತ್ತೆಂಟು. ಎಲ್ಲರನ್ನೂ ಟಂಟಂನಲ್ಲಿ ಕೂರಿಸಿಕೊಂಡು ಬಂದು ಫೋಟೊ ತೆಗೆಸಿ ವಾಪಸ್ ಬಿಡುವ ಹೊತ್ತಿಗೆ ಒಂದು ದಿನದ ಕೂಲಿ ಹೋಯಿತು. ಆ ಕೂಲಿ ಯಾರು ಕೊಡಬೇಕು ಅಂತ ಯಾವ ನಮೂನೆಯಲ್ಲೂ ಇಲ್ಲ.

ಹಂತ 8: ಜಿಲ್ಲೆ ದಾಟುವಾಗ

ಬಂದೂಕಿನ ಲೈಸೆನ್ಸ್ ಎಲ್ಲಿ ನಡೆಯುತ್ತೆ ಅಂತ ಅದರಲ್ಲೇ ಬರೆದಿರುತ್ತದೆ: ಒಂದು ಜಿಲ್ಲೆಗೋ, ರಾಜ್ಯಕ್ಕೋ, ದೇಶಕ್ಕೋ. ಕುಡುಗೋಲಿಗೆ ಜಿಲ್ಲೆಯ ಮಟ್ಟಿಗೆ ಮಾತ್ರ ಅಂತ ಕೊಟ್ಟರೆ ಚಿತ್ತಾಪುರದ ಕಡೆಯವರು ಯಾದಗಿರಿಗೆ ಬೀಗರ ಹೊಲಕ್ಕೆ ಹೋಗುವಾಗ ಕುಡುಗೋಲು ಮನೆಯಲ್ಲಿ ಬಿಡಬೇಕು. ಮೊದಲು ಯಾದಗಿರಿ ನಮ್ಮ ಜಿಲ್ಲೆಯಲ್ಲೇ ಇತ್ತು, ಅದೇ ರಸ್ತೆ, ಅದೇ ಬೀಗರು. ಆಳಂದದವರ ಒಂದು ಕಾಲು ಮಹಾರಾಷ್ಟ್ರದಲ್ಲಿ, ಸೇಡಂನವರದು ತೆಲಂಗಾಣದಲ್ಲಿ. ಪುಣೆ, ಮುಂಬೈ, ಹೈದರಾಬಾದಿಗೆ ಗುಳೆ ಹೋಗುವವರು ಚೀಲದಲ್ಲಿ ಕರಣೆ, ಸಲಿಕೆ ಇಟ್ಟುಕೊಂಡೇ ಬಸ್ಸು ಹತ್ತುತ್ತಾರೆ. ಅವರೆಲ್ಲ ಅಖಿಲ ಭಾರತ ಲೈಸೆನ್ಸಿಗೆ ಅರ್ಜಿ ಹಾಕಲಿ. ಕೊಡಗಿನಲ್ಲಿ ಕೊಡವರಿಗೆ ಮತ್ತು ಜಮ್ಮಾ ಭೂಮಿ ಇರುವವರಿಗೆ ಬಂದೂಕಿನ ಲೈಸೆನ್ಸ್‌ನಿಂದಲೇ ವಿನಾಯ್ತಿ ಇದೆ, 2029ರ ತನಕ. ನಮಗೆ 371ಜೆ ಇದೆ. ಓದಿಸಿ ನೋಡಿದೆ, ಅದರಲ್ಲಿ ನೌಕರಿ ಇದೆ, ಸೀಟು ಇದೆ, ಕುಡುಗೋಲು ಇಲ್ಲ.

ಹಂತ 9: ಚುನಾವಣೆ ಬಂದರೆ

ಚುನಾವಣೆ ಘೋಷಣೆ ಆದ ಕೂಡಲೇ ಲೈಸೆನ್ಸ್ ಇರುವ ಬಂದೂಕುಗಳನ್ನು ಠಾಣೆಯಲ್ಲಿ ಜಮಾ ಮಾಡಿ ಅಂತ ಹೇಳಿ ಕಳಿಸುತ್ತಾರೆ. ರಸೀದಿ ಕೊಡುತ್ತಾರೆ. ಫಲಿತಾಂಶ ಬಂದ ಮೇಲೆ ವಾಪಸ್. ಕಾಕಾ ಪ್ರತಿ ಸಲ ಜಮಾ ಮಾಡುತ್ತಾರೆ. ಹಂದಿಗಳಿಗೆ ನೀತಿ ಸಂಹಿತೆ ಇಲ್ಲ, ಅವು ಬರುತ್ತಲೇ ಇರುತ್ತವೆ. ಆ ರಾತ್ರಿಗಳಲ್ಲಿ ಕಾಕಾ ಡಬ್ಬಿ ಬಡಿಯುತ್ತಾರೆ.

2020ರಲ್ಲಿ ಗ್ರಾಮ ಪಂಚಾಯ್ತಿ ಚುನಾವಣೆ ಡಿಸೆಂಬರ್ 22 ಮತ್ತು 27ಕ್ಕೆ ಇತ್ತು. ತೊಗರಿ ಕೊಯ್ಲಿನ ನಡು ಹೊತ್ತು. ಆಗ ಕುಡುಗೋಲೂ ಜಮಾ ಆಗಬೇಕಿತ್ತು ಅಂತ ಅಂದುಕೊಳ್ಳಿ. ಒಂದು ಹಳ್ಳಿಗೆ ಐನೂರು ಕುಡುಗೋಲು ಅಂದರೂ ಒಂದು ಠಾಣೆಗೆ ಎಷ್ಟು ಸಾವಿರ? ಎಲ್ಲವೂ ಒಂದೇ ಥರ. ವಾಪಸ್ ಕೊಡುವ ದಿನ ರಾಶಿಯಲ್ಲಿ ನಿಮ್ಮದನ್ನು ಹುಡುಕುವುದು ಹೇಗೆ? ಕೈಯೇ ಹೇಳುತ್ತದೆ. ಹಿಡಿ ಹಿಡಿದು ನೋಡಿದರೆ ತನ್ನದು ಯಾವುದು ಅಂತ ಯಾವ ಹೆಣ್ಣುಮಗಳಿಗಾದರೂ ಗೊತ್ತಾಗುತ್ತದೆ, ಹೆಬ್ಬೆರಳಿನ ಜಾಗ ಸವೆದಿರುತ್ತದೆ. ಆದರೆ ಠಾಣೆಯವರಿಗೆ ರಸೀದಿ ಬೇಕು.

ಇದರ ಜೊತೆಗೆ ಹೊಲದಲ್ಲಿ ಕೂತು ಉಣ್ಣುವ ಹಬ್ಬ ಎಳ್ಳ ಅಮಾವಾಸ್ಯೆಯೂ ಅದೇ ಹೊತ್ತಿಗೆ ಬರುತ್ತದೆ. ಸಂಭ್ರಮಕ್ಕೂ ಬಂದೂಕಿನ ಕಾನೂನಿನಲ್ಲಿ ಒಂದು ಸಾಲಿದೆ. ಖುಷಿಗೆ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದ ತನಕ ಜೈಲು, ಇಲ್ಲವೇ ಒಂದು ಲಕ್ಷದ ತನಕ ದಂಡ, ಇಲ್ಲವೇ ಎರಡೂ. 2019ರಲ್ಲಿ ಸೇರಿಸಿದ್ದು. ಸರಿಯಾಗಿಯೇ ಸೇರಿಸಿದರು, ಮದುವೆ ಮೆರವಣಿಗೆಯಲ್ಲಿ ಗುಂಡು ತಗುಲಿ ಸತ್ತವರ ಸುದ್ದಿ ನಾವೆಲ್ಲ ಓದಿದ್ದೇವೆ. ಆದರೆ ಚರಗ ಚೆಲ್ಲಿ, ಭಜ್ಜಿ-ಸಜ್ಜಿ ರೊಟ್ಟಿ ಉಂಡು, ಮಕ್ಕಳಿಗೆ ಅಂತ ಒಂದು ಕಬ್ಬಿನ ಜಲ್ಲೆಯನ್ನು ಕುಡುಗೋಲಲ್ಲಿ ತುಂಡು ಮಾಡಿಕೊಟ್ಟರೆ ಅದು ಸಂಭ್ರಮದ ಕೊಯ್ಲೋ, ಉಣ್ಣುವ ಕೊಯ್ಲೋ? ಹಬ್ಬದ ದಿನ ಕಬ್ಬನ್ನು ಮೊಣಕಾಲಿಗೆ ಹಚ್ಚಿ ಮುರಿಯಿರಿ.

ಬೇರೆ ಹತ್ಯಾರದವರಿಗೆ ಎರಡು ಮಾತು

ಸುತ್ತಿಗೆ ಇರುವವರು ಮೊಳೆಯ ಲೆಕ್ಕ ಇಡಲು ಕಲಿಯಿರಿ. ಬಂದೂಕಿಗೆ ಎಷ್ಟು ಕಾಡತೂಸು ಅಂತ ಲೈಸೆನ್ಸ್‌ನಲ್ಲೇ ಬರೆದಿರುತ್ತೆ. ನಿಮಗೂ ವರ್ಷಕ್ಕೆ ಇಷ್ಟು ಮೊಳೆ ಅಂತ ಬಂದರೆ, ಡೊಂಕಾದ ಮೊಳೆಗಳನ್ನು ಬಿಸಾಡದೆ ಡಬ್ಬಿಯಲ್ಲಿ ತುಂಬಿಡಿ, ತೋರಿಸಬೇಕಾಗುತ್ತದೆ. ಶಹಾಬಾದಿನಲ್ಲಿ ಪರಸಿ ಕಲ್ಲು ಒಡೆಯುವವರಿಗೆ ಉಳಿ, ಸುತ್ತಿಗೆ, ಹಾರೆ ಮೂರೂ ಬೇಕು, ಎರಡೇ ಸಿಗುತ್ತವೆ. ಮೂರನೆಯದನ್ನು ಹೆಂಡತಿಯ ಹೆಸರಿಗೆ ಮಾಡಿಸಿ. ಪೇಚಕಸ್ (ಸ್ಕ್ರೂಡ್ರೈವರ್) ಹೊಂದಿರುವ ಮೆಕ್ಯಾನಿಕ್‌ಗಳು ಅರ್ಜಿಯಲ್ಲಿ ಚುಚ್ಚುವುದು ಅನ್ನುವ ಶಬ್ದ ಬಳಸಬೇಡಿ, ತಿರುಗಿಸುವುದು ಅಂತ ಬರೆಯಿರಿ. ಲಟ್ಟಣಿಗೆಯ ಬಗ್ಗೆ ನಮ್ಮ ಕಾಕು ಕೇಳಿದರು. ಲಾಠಿಯ ಜಾತಿಗೆ ಸೇರುತ್ತೆ, ಭಯ ಇಲ್ಲ ಅಂದೆ. "ಭಯ ನನಗ ಯಾಕಪಾ" ಅಂತ ಕಾಕಾನ ಕಡೆ ನೋಡಿದರು.

ಲೈಸೆನ್ಸ್ ಕೈಗೆ ಬಂದಾಗ

ಮೂರನೇ ನಮೂನೆಯಲ್ಲಿ ಬರುತ್ತದೆ. ಐದು ವರ್ಷಕ್ಕೆ. 2019ಕ್ಕೆ ಮೊದಲು ಮೂರೇ ವರ್ಷ ಇತ್ತು, ಅದೊಂದು ಉಪಕಾರ. ನವೀಕರಣದ ಅರ್ಜಿಯನ್ನು ಅವಧಿ ಮುಗಿಯುವ 60 ದಿನ ಮೊದಲೇ ಕೊಡಬೇಕು, ಗೋಡೆಯ ಕ್ಯಾಲೆಂಡರಿನ ಮೇಲೆ ಈಗಲೇ ಬರೆದಿಡಿ.

ಕಾಕಾನ ಕುಡುಗೋಲಿನ ಲೈಸೆನ್ಸ್ ನನ್ನ ಲೆಕ್ಕದ ಪ್ರಕಾರ ಫೆಬ್ರವರಿ ಎರಡನೇ ವಾರ ಬಂತು. ಅಷ್ಟರಲ್ಲಿ ತೊಗರಿ ಒಣಗಿ ಕಾಯಿ ಸಿಡಿಯಲು ಶುರುವಾಗಿತ್ತು ಅಂತ ಜನವರಿಯಲ್ಲೇ ಮಷಿನ್ ಕರೆಸಿ ರಾಶಿ ಮಾಡಿ ಮುಗಿಸಿದ್ದರು. ಮಷಿನ್‌ಗೆ ಎಷ್ಟೊಂದು ಅಲಗು ಇರುತ್ತವೆ, ಅದಕ್ಕೆ ಆರ್‌ಸಿ ಇದ್ದರೆ ಸಾಕು. ಹನ್ನೆರಡು ಜನರ ಫೋಟೊ ಇರುವ ಆ ಕಾಗದವನ್ನು ಕಾಕಾ ಬಿಸಿಲಿಗೆ ಹಿಡಿದು ಓದಿದರು. ಉದ್ದೇಶ ಅನ್ನುವ ಕಡೆ ತೊಗರಿ ಕೊಯ್ಯಲು ಮಾತ್ರ ಅಂತ ಇತ್ತು.

"ತಮ್ಮಾ, ಹಿಂಗಾರಿ ಜೋಳ ನಿಂತದ. ಕೊಯ್ಲಾಕ್ ಬಂದದ. ಇದ್ರ ಮ್ಯಾಲೇ ನಡಿತದೇನು?"

ನಾನು ಹೊಸ ಎ-1 ತೆಗೆದು, ಕಾರ್ಬನ್ ಹಾಕಿ, ಪೆನ್ನು ಕೊಟ್ಟೆ.

"ಫೋಟೊ ತಂದೀರೇನ್ರಿ ಕಾಕಾ? ಬಿಳಿ ಹಿನ್ನೆಲೆಯದು, ನಾಲ್ಕು."